ನಿಮಗಿದು ಗೊತ್ತೇ? ಬೀಡಿ, ಸಿಗರೇಟು ಬಿಡುವವರ ಬೆನ್ನಿಗೆ ಊರು ನಿಂತಾಗ

ಒಂದು ದಿನ ಸಿಗರೇಟು ಸೇದಬೇಡಿ, ಉಳಿದ ದುಡ್ಡನ್ನು ನಮ್ಮೂರ ಹೈಸ್ಕೂಲಿನ ವಿದ್ಯಾರ್ಥಿವೇತನ ನಿಧಿಗೆ ಕೊಡಿ. 1970ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ರ‍್ಯಾಂಡಾಲ್ಫ್ ಎಂಬ ಊರಿನಲ್ಲಿ ಆರ್ಥರ್ ಮುಲ್ಲೇನಿ ಎಂಬವರು ಜನರ ಮುಂದಿಟ್ಟ ಬೇಡಿಕೆ ಇಷ್ಟೇ. ನಾಲ್ಕು ವರ್ಷದ ಮೇಲೆ ಮಿನ್ನೆಸೋಟ ರಾಜ್ಯದ ಮಾಂಟಿಸೆಲೊ ಊರಿನ ಪತ್ರಿಕಾ ಸಂಪಾದಕ ಲಿನ್ ಸ್ಮಿತ್ ಇಂಥದೇ ‘ಸೇದದ ದಿನ’ಕ್ಕೆ ಮುಂದಾದರು. 1976ರ ನವೆಂಬರ್ 18ರಂದು ಕ್ಯಾಲಿಫೋರ್ನಿಯದಲ್ಲಿ ಹತ್ತಿರ ಹತ್ತಿರ ಹತ್ತು ಲಕ್ಷ ಮಂದಿ ಸಿಗರೇಟು ಮುಟ್ಟಲಿಲ್ಲ. ಮರುವರ್ಷದಿಂದ ಇಡೀ ದೇಶವೇ ಇದನ್ನು ಆಚರಿಸತೊಡಗಿತು. ದಿನ ಗೊತ್ತಾಗಿದೆ: ನವೆಂಬರಿನ ಮೂರನೇ ಗುರುವಾರ. ಊರ ಶಾಲೆಗೆಂದರೆ ನಮ್ಮ ಹಳ್ಳಿಗಳೂ ಕೈಬಿಚ್ಚಿ ಕೊಡುತ್ತವೆ. ಈ ದಾರಿ ನಮಗೂ ಒಗ್ಗುತ್ತದೆ ಎಂದೇ ನನ್ನ ನಂಬಿಕೆ.

ಗಂಡ ಸಿಗರೇಟು ಬಿಟ್ಟರೆ ಹೆಂಡತಿ, ಹೆಂಡತಿ ಬಿಟ್ಟರೆ ಗಂಡ ಸೇದುವ ಸಾಧ್ಯತೆ ಶೇ 67ರಷ್ಟು ತಗ್ಗುತ್ತದೆ. ಗೆಳೆಯ ಬಿಟ್ಟರೆ ಶೇ 36, ಒಡಹುಟ್ಟಿದವರು ಬಿಟ್ಟರೆ ಶೇ 25, ಸಣ್ಣ ಕಚೇರಿಯಲ್ಲಿ ಜೊತೆಗೆ ಕೆಲಸ ಮಾಡುವವರು ಬಿಟ್ಟರೆ ಶೇ 34. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಹೃದಯ ಅಧ್ಯಯನಕ್ಕೆ ಸೇರಿದ 12,067 ಮಂದಿಯ ನಂಟುಗಳನ್ನು 1971ರಿಂದ 2003ರವರೆಗೆ ಜಾಲಾಡಿ, ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ 2008ರಲ್ಲಿ ಇದನ್ನು ಪ್ರಕಟಿಸಿದರು. ಜನ ಒಬ್ಬೊಬ್ಬರಾಗಿ ಅಲ್ಲ, ಬಳಗ ಬಳಗವಾಗಿ ಬಿಟ್ಟಿದ್ದರು. ಬಿಡದೆ ಉಳಿದವರು ವರ್ಷ ಕಳೆದಂತೆ ಗೆಳೆಯರ ವಲಯದ ಅಂಚಿಗೆ ಸರಿದಿದ್ದರು. ಹಾಗಾಗಿ ಗೂಡಂಗಡಿಯ ಮುಂದೆ ನಿಂತ ನಾಲ್ವರಲ್ಲಿ ಒಬ್ಬನನ್ನೇ ಪಕ್ಕಕ್ಕೆ ಕರೆದು ಬುದ್ಧಿ ಹೇಳುವುದಕ್ಕಿಂತ ನಾಲ್ವರನ್ನೂ ಒಟ್ಟಿಗೆ ಕೂರಿಸಿ ಮಾತಾಡುವುದು ಮೇಲು.

ಭಾರತದಲ್ಲಿ ಸೇದುವವರು ಬಿಡಲು ಮನಸ್ಸು ಮಾಡುವುದೇ ಇಲ್ಲ ಎಂದುಕೊಂಡಿದ್ದೀರಾ? 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ, ಹಿಂದಿನ 12 ತಿಂಗಳಲ್ಲಿ ಬಿಡಲು ಯತ್ನಿಸಿದವರು ಸೇದುವವರಲ್ಲಿ ಶೇ 38.5. ಬಿಡುವ ಯೋಚನೆಯಲ್ಲಿದ್ದವರು ಅರ್ಧಕ್ಕಿಂತ ಹೆಚ್ಚು. ಯತ್ನಿಸಿದವರಲ್ಲಿ ಬಹುಪಾಲು ಜನ ಮಾತ್ರೆ, ವೈದ್ಯರು, ಸಲಹೆ ಯಾವುದರ ನೆರವೂ ಇಲ್ಲದೆ ಒಂಟಿಯಾಗಿಯೇ ಹೆಣಗಿದ್ದರು. ಮನಸ್ಸಿಗೆ ಕೊರತೆಯಿಲ್ಲ, ಜೊತೆಗೆ ಕೊರತೆಯಿದೆ. ನನ್ನನ್ನು ಹೆಚ್ಚು ಕಾಡುವುದು ಇದೇ.

ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಲೆಕ್ಕ: ಬೀಡಿ, ಸಿಗರೇಟು ಸೇದುವವರು ಶೇ 8.8. ಜಗಿಯುವವರು ಅದರ ಹತ್ತಿರ ಹತ್ತಿರ ಎರಡು ಪಟ್ಟು.

ಎಷ್ಟು ಸಲ ಯತ್ನಿಸಿದರೆ ಚಟ ಬಿಡುತ್ತದೆ? ಕೆನಡಾದ ಒಂಟಾರಿಯೊದಲ್ಲಿ ಸೇದುವವರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸಂಶೋಧಕರು 2016ರಲ್ಲಿ ಕೊಟ್ಟ ಅಂದಾಜು, 30 ಅಥವಾ ಅದಕ್ಕೂ ಹೆಚ್ಚು. ಐದನೇ ಸಲ ಸೋತು ಬಂದ ಅಪ್ಪನನ್ನೋ ಅಣ್ಣನನ್ನೋ ‘ನಿನ್ನ ಕೈಲಿ ಆಗಲ್ಲ ಬಿಡು’ ಎಂದು ಮನೆಮಂದಿಯೇ ಹಂಗಿಸುವುದುಂಟು. ದಯವಿಟ್ಟು ಹಾಗನ್ನಬೇಡಿ. ಅವರು ಇನ್ನೂ ದಾರಿಯಲ್ಲಿದ್ದಾರೆ.

ಕ್ರಮೇಣ ಕಡಿಮೆ ಮಾಡುವುದೋ, ಒಂದೇ ದಿನಕ್ಕೆ ನಿಲ್ಲಿಸುವುದೋ? ಇಂಗ್ಲೆಂಡಿನಲ್ಲಿ ಸುಮಾರು 700 ಮಂದಿಯ ಮೇಲೆ ಎರಡನ್ನೂ ಪ್ರಯೋಗಿಸಿ ನೋಡಿದ್ದಾರೆ. ನಾಲ್ಕು ವಾರದ ಮೇಲೆ ಒಮ್ಮೆಲೇ ನಿಲ್ಲಿಸಿದ ಗುಂಪಿನಲ್ಲಿ ಶೇ 49 ಮಂದಿ ಸೇದದೆ ಉಳಿದಿದ್ದರು, ಕ್ರಮೇಣ ಇಳಿಸಿದ ಗುಂಪಿನಲ್ಲಿ ಶೇ 39. ದಿನಾಂಕ ಗೊತ್ತುಮಾಡಿಕೊಂಡು ನಿಲ್ಲಿಸುವುದೇ ವಾಸಿ.

ನಿಕೋಟಿನ್ ಚೂಯಿಂಗ್ ಗಮ್ಮಿನ ಮೂಲ ಜಲಾಂತರ್ಗಾಮಿಯಲ್ಲಿದೆ! ಸ್ವೀಡನ್ನಿನ ಜಲಾಂತರ್ಗಾಮಿ ನಾವಿಕರು ನೀರಿನಡಿ ಸೇದುವಂತಿರಲಿಲ್ಲ, ತಂಬಾಕು ಜಗಿದು ತಲಬು ತೀರಿಸಿಕೊಳ್ಳುತ್ತಿದ್ದರು. 1967ರಲ್ಲಿ ಲುಂಡ್ ಊರಿನ ವಿಜ್ಞಾನಿಯೊಬ್ಬರು ಇದನ್ನು ಔಷಧ ಕಂಪನಿಯ ಊವೆ ಫೆರ್ನೊ ಅವರಿಗೆ ಕಾಗದ ಬರೆದು ತಿಳಿಸಿದರು. ಹೊಗೆಯಿಲ್ಲದೆ, ತಂಬಾಕೂ ಇಲ್ಲದೆ ನಿಕೋಟಿನ್ ಅಷ್ಟನ್ನೇ ಕೊಟ್ಟರೆ ಹೇಗೆ ಎಂದು ಫೆರ್ನೊ ಕೆಲಸಕ್ಕೆ ಕೂತರು. ನಮ್ಮಲ್ಲಿ 2 ಮಿಲಿಗ್ರಾಂ ಗಮ್ ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಮಿಠಾಯಿಯಂತೆ ಒಂದೇ ಸಮ ಅಗಿಯಬಾರದು. ನಿಧಾನವಾಗಿ ಅಗಿದು, ನಾಲಗೆ ಚುರುಗುಟ್ಟಿದಾಗ ಕೆನ್ನೆಯ ಒಳಬದಿಗೆ ಇಟ್ಟುಕೊಳ್ಳಬೇಕು. ಎಷ್ಟೋ ಜನ ಈ ಗಮ್ಮಿಂದ ಉಪಯೋಗವಿಲ್ಲ ಎಂದು ಬಿಸಾಡುವುದು ಅಗಿಯುವ ಕ್ರಮ ತಿಳಿಯದೆ.

ಡಾಕ್ಟರು ಒಂದೆರಡು ನಿಮಿಷ ಹೇಳಿದರೂ ಸಾಕು. 1979ರಲ್ಲಿ ಲಂಡನ್ನಿನ ಮೈಕೆಲ್ ರಸೆಲ್ ತಂಡ ಪ್ರಕಟಿಸಿದ ಅಧ್ಯಯನ ನೋಡಿ. ಬಡಾವಣೆಯ ಮಾಮೂಲಿ ವೈದ್ಯರು ‘ಬಿಟ್ಟುಬಿಡಿ’ ಎಂದು ಹೇಳಿ, ಕೈಗೊಂದು ಕರಪತ್ರ ಕೊಟ್ಟು, ಮತ್ತೆ ವಿಚಾರಿಸುತ್ತೇನೆ ಎಂದ ಗುಂಪಿನಲ್ಲಿ ಶೇ 5.1 ಮಂದಿ ಒಂದು ವರ್ಷವಾದರೂ ಸೇದಿರಲಿಲ್ಲ. ಏನೂ ಹೇಳದ ಗುಂಪಿನಲ್ಲಿ ಶೇ 0.3.

ಫಿಲಿಪ್ಪೀನ್ಸಿನ ಮಿಂಡನಾವೊ ದ್ವೀಪದಲ್ಲಿ ಒಂದು ಬ್ಯಾಂಕು ಸೇದುವವರಿಗೆಂದೇ ಉಳಿತಾಯ ಖಾತೆ ತೆರೆದಿತ್ತು. ಆರು ತಿಂಗಳು ದುಡ್ಡು ಕಟ್ಟಿ, ಆಮೇಲೆ ಮೂತ್ರ ಪರೀಕ್ಷೆ. ನಿಕೋಟಿನ್ ಕುರುಹು ಇಲ್ಲದಿದ್ದರೆ ಕಟ್ಟಿದ್ದು ಪೂರ್ತಿ ವಾಪಸು, ಇದ್ದರೆ ಅಷ್ಟೂ ದಾನಕ್ಕೆ. ಒಪ್ಪಿದವರು ಶೇ 11 ಮಾತ್ರ. ಆದರೂ ಈ ಖಾತೆಯ ಅವಕಾಶ ಸಿಕ್ಕವರಲ್ಲಿ, ಸಿಗದವರಿಗಿಂತ ಹೆಚ್ಚು ಜನ ಪರೀಕ್ಷೆ ಗೆದ್ದರು. ವರ್ಷದ ಕೊನೆಗೆ ಹೇಳದೆ ಕೇಳದೆ ನಡೆಸಿದ ಪರೀಕ್ಷೆಯಲ್ಲೂ ಆ ಅಂತರ ಉಳಿದಿತ್ತು. ನಮ್ಮ ಸ್ವಸಹಾಯ ಸಂಘಗಳಲ್ಲಿ ವಾರವಾರ ದುಡ್ಡು ಕಟ್ಟುವ ಹೆಣ್ಣುಮಕ್ಕಳು ಇದನ್ನು ಓದಬೇಕು.

ಬೀಡಿ ಎಲೆಯದ್ದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಎನ್ನುವವರು ಹಳ್ಳಿಗೊಬ್ಬರಾದರೂ ಸಿಗುತ್ತಾರೆ. ಆ ಎಲೆ ಗಾಳಿಯಾಡದು, ಸರಿಯಾಗಿ ಉರಿಯದು. ಆರದಂತೆ ಇಡಲು ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಹಾಗಾಗಿ ಇಷ್ಟೇ ಇಷ್ಟು ತಂಬಾಕಿನ ಬೀಡಿಯಿಂದ ಟಾರ್, ಕಾರ್ಬನ್ ಮೊನಾಕ್ಸೈಡ್ ಎರಡೂ ಧಾರಾಳವಾಗಿ ಒಳಗೆ ಹೋಗುತ್ತವೆ. 2008ರ ದೊಡ್ಡ ಭಾರತೀಯ ಅಧ್ಯಯನದ ಲೆಕ್ಕದಲ್ಲಿ ಬೀಡಿ ಸೇದುವ ಗಂಡಸರ ಆಯುಷ್ಯ ಸುಮಾರು 6 ವರ್ಷ, ಹೆಂಗಸರದ್ದು ಸುಮಾರು 8 ವರ್ಷ ಕಡಿಮೆ.

ಬಿಡಲು ವಯಸ್ಸು ಮೀರಿತೇ? ಬ್ರಿಟನ್ನಿನ ವೈದ್ಯರನ್ನೇ 1951ರಿಂದ 50 ವರ್ಷ ಗಮನಿಸಿದ ರಿಚರ್ಡ್ ಡಾಲ್, ರಿಚರ್ಡ್ ಪೀಟೊ ಮತ್ತು ಸಂಗಡಿಗರ ಉತ್ತರ: 60ಕ್ಕೆ ಬಿಟ್ಟರೆ ಸುಮಾರು 3 ವರ್ಷ ಆಯುಷ್ಯ ಗಳಿಕೆ, 50ಕ್ಕೆ 6, 40ಕ್ಕೆ 9, 30ಕ್ಕೆ 10.

ಬಿಡಿ ಸಿಗರೇಟು ಕೊಳ್ಳುವವರ ಕಣ್ಣಿಗೆ ಪ್ಯಾಕಿನ ಮೇಲಿನ ಎಚ್ಚರಿಕೆಯ ಚಿತ್ರ ಬೀಳುವುದೇ ಇಲ್ಲ. ಅಲ್ಲೇ ಅಚ್ಚಾಗಿರುವ ಉಚಿತ ಸಹಾಯವಾಣಿ 1800-11-2356 ಕೂಡ ಬೀಳುವುದಿಲ್ಲ. ಕರ್ನಾಟಕ ಸರ್ಕಾರ 2017ರಲ್ಲೇ ಬಿಡಿ ಮಾರಾಟವನ್ನು ನಿಷೇಧಿಸಿದ್ದರೂ ಗೂಡಂಗಡಿಗಳಲ್ಲಿ ಅದು ನಿಂತಿಲ್ಲ. ಆ ಸಂಖ್ಯೆಯನ್ನು ಪಂಚಾಯಿತಿ ಕಚೇರಿಯ ಗೋಡೆಗೆ, ಹಾಲಿನ ಡೇರಿಯ ಬಾಗಿಲಿಗೆ ಬರೆಸಲು ಒಂದು ಡಬ್ಬಿ ಬಣ್ಣ ಸಾಕು. 2018ರಿಂದ ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಸಹಾಯವಾಣಿಯ ಒಂದು ಕೇಂದ್ರ. ಆಪ್ತಸಲಹೆಗಾರರು ಕನ್ನಡದಲ್ಲೇ ಮಾತಾಡುತ್ತಾರೆ.

ಕೊನೆಗೊಂದು ಕಾಫಿಯ ವಿಷಯ. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳಿಂದಾಗಿ ಸೇದುವವರ ಯಕೃತ್ತು ಕೆಫೀನನ್ನು ಬೇಗ ಕರಗಿಸುತ್ತಿರುತ್ತದೆ. ಸೇದುವುದು ನಿಂತಾಗ ಆ ವೇಗವೂ ತಗ್ಗುತ್ತದೆ. ಕುಡಿಯುವ ಕಾಫಿ ಅಷ್ಟೇ ಇದ್ದರೂ ರಕ್ತದಲ್ಲಿ ಕೆಫೀನ್ ಸುಮಾರು ಎರಡು ಪಟ್ಟು ಏರಬಲ್ಲದು. ಬಿಟ್ಟ ಮೊದಲ ವಾರಗಳ ಕೈನಡುಕ, ಸಿಡುಕು, ನಿದ್ದೆಗೇಡಿನಲ್ಲಿ ಇದರ ಪಾಲೂ ಇದೆ. ಅದನ್ನೆಲ್ಲ ಬೀಡಿ ಬಿಟ್ಟಿದ್ದರ ಫಲವೆಂದೇ ತಿಳಿದು ಮತ್ತೆ ಹಚ್ಚುವವರಿದ್ದಾರೆ. ಮನೆಯಲ್ಲಿ ಯಾರಾದರೂ ಬಿಡುತ್ತಿದ್ದರೆ ಆ ವಾರಗಳಲ್ಲಿ ಅವರ ಲೋಟಕ್ಕೆ ಡಿಕಾಕ್ಷನ್ ಅರ್ಧ ಮಾಡಿ, ಸಂಜೆಯ ಮೇಲೆ ಕಾಫಿ ಕೊಡಬೇಡಿ. ಉಬ್ಬಸಕ್ಕೆ ಥಿಯೋಫಿಲಿನ್ ಮಾತ್ರೆ ನುಂಗುತ್ತಿದ್ದರೆ ಅದರ ಪ್ರಮಾಣವೂ ಇದೇ ಕಾರಣಕ್ಕೆ ರಕ್ತದಲ್ಲಿ ಏರುತ್ತದೆ. ಬಿಟ್ಟ ಸುದ್ದಿಯನ್ನು ಆ ವಾರವೇ ವೈದ್ಯರಿಗೆ ಮುಟ್ಟಿಸಿ.