‘ಪಾರ್ಟ್‌ನರ್’ ಅನ್ನೋಕೆ ಸ್ಪ್ಯಾನಿಶ್‌ನಲ್ಲಿ ಯಾವ ಪದ?

ಆ್ಯಪ್‌ನಲ್ಲಿ ಸ್ಪ್ಯಾನಿಶ್ ಕಲೀತಿರೋರು, ಸ್ಪೇನ್ ಅಥವಾ ಮೆಕ್ಸಿಕೊ ಕ್ಲೈಂಟ್ ಜೊತೆ ಕೆಲಸ ಮಾಡೋರು ಇದನ್ನ ಸ್ವಲ್ಪ ಗಮನ ಇಟ್ಟು ಕೇಳಿ. ಇವತ್ತು ಒಂದೇ ಒಂದು ಪದದ ವಿಷಯ: ಪಾರ್ಟ್‌ನರ್.

ನಮಗೆ ಈ ಪದ ಎಲ್ಲಾ ಕಡೆ ನಡೆಯುತ್ತೆ. ಅಂಗಡಿಗೆ ಬಂಡವಾಳ ಹಾಕಿದವನೂ ಪಾರ್ಟ್‌ನರ್, ಕೇರಂನಲ್ಲಿ ಎದುರು ಕೂರೋನೂ ಪಾರ್ಟ್‌ನರ್, ಒಂದೇ ಮನೆಯಲ್ಲಿ ಬಾಳ್ವೆ ಮಾಡೋರೂ ಪಾರ್ಟ್‌ನರ್. ಸ್ಪ್ಯಾನಿಶ್‌ನಲ್ಲಿ ಹಾಗಲ್ಲ. ಬಾಯಿ ತೆರೆಯೋ ಮೊದಲೇ ನೀವು ತೀರ್ಮಾನ ಮಾಡಿರಬೇಕು: ಆ ವ್ಯಕ್ತಿ ಜೊತೆ ನೀವು ಹಂಚಿಕೊಂಡಿರೋದು ದುಡ್ಡಾ, ಕೆಲಸಾನಾ, ಬದುಕಾ? ಮ್ಯಾಡ್ರಿಡ್‌ನ ಮೀಟಿಂಗ್‌ನಲ್ಲಿ ಕೋ-ಫೌಂಡರ್‌ನ ತೋರಿಸಿ ‘ಮಿ ಪರೇಹಾ’ ಅಂದ್ರೆ ಅಲ್ಲಿರೋರು ನಿಮ್ಮಿಬ್ಬರನ್ನ ಜೋಡಿ ಅಂದ್ಕೊಳ್ತಾರೆ. ಹೇಳಬೇಕಾಗಿದ್ದ ಪದ ‘ಸೋಸಿಯೊ’. ಹೆಣ್ಣಾದರೆ ‘ಸೋಸಿಯಾ’.

ಕಾಮರ್ಸ್ ಓದಿದವಳಾಗಿ ನನಗೆ ಇಷ್ಟವಾದ ಪದ ಇದೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ತೀನಿ. ನಮ್ಮ 1932ರ ಪಾರ್ಟ್‌ನರ್‌ಶಿಪ್ ಕಾಯ್ದೆಯಲ್ಲಿ ಫರ್ಮ್‌ನ ಸಾಲಕ್ಕೆ ಪಾಲುದಾರರ ಸ್ವಂತ ಆಸ್ತಿಯೂ ಹೊಣೆ. ಸ್ಪೇನ್‌ನ 1885ರ ವಾಣಿಜ್ಯ ಸಂಹಿತೆಯಲ್ಲಿ ಅಂಥವನು ‘ಸೋಸಿಯೊ ಕೊಲೆಕ್ತೀವೊ’. ಹಾಕಿದ ದುಡ್ಡಿಗಷ್ಟೇ ಹೊಣೆ, ಆದರೆ ವ್ಯವಹಾರ ನಡೆಸೋ ಹಕ್ಕಿಲ್ಲ ಅನ್ನೋನು ‘ಸೋಸಿಯೊ ಕೊಮಾಂದಿತಾರಿಯೊ’. ಇನ್ನು ನಮ್ಮ ಪ್ರೈವೇಟ್ ಲಿಮಿಟೆಡ್‌ಗೆ ಹತ್ತಿರವಾದ ‘ಎಸ್.ಎಲ್.’ ಕಂಪನಿಯಲ್ಲಿ ಪಾಲು ಇರೋರನ್ನೂ ಸೋಸಿಯೊ ಅಂತಾನೇ ಕರೀತಾರೆ. ಅಂದ್ರೆ ಪದ ಒಂದೇ, ಹೊಣೆ ಬೇರೆ ಬೇರೆ. ಅಗ್ರಿಮೆಂಟ್‌ನಲ್ಲಿ ಸೋಸಿಯೊ ಅಂತ ಕಂಡ್ರೆ ‘ಯಾವ ಸೋಸಿಯೊ?’ ಅಂತ ಕೇಳದೆ ಸಹಿ ಹಾಕಬೇಡಿ.

ನೀವು ಸಂಬಳಕ್ಕಿರೋರು ಅಥವಾ ಫ್ರೀಲಾನ್ಸರ್ ಆಗಿದ್ರೆ ಇಮೇಲ್‌ನಲ್ಲಿ ಈ ಪದವನ್ನ ಸುಮ್ಮನೆ ಬಳಸಬೇಡಿ. ಕಂಪನಿಯಲ್ಲಿ ನಿಮಗೆ ಪಾಲಿದೆ, ಮಾತು ಕೊಡೋ ಅಧಿಕಾರ ಇದೆ ಅಂತ ಓದೋರು ತಿಳ್ಕೋಬಹುದು. ‘ಕೊಲಾಬೊರಾದೋರ್’ ಅಂದ್ರೆ ಸಾಕು.

ಫುಟ್‌ಬಾಲ್ ನೋಡೋರಿಗೆ ಈ ಪದ ಆಗ್ಲೇ ಗೊತ್ತಿರಬಹುದು. ಬಾರ್ಸಿಲೋನಾ ಕ್ಲಬ್‌ನ ಸದಸ್ಯರೂ ಸೋಸಿಯೊಗಳೇ, ಲಕ್ಷಕ್ಕೂ ಹೆಚ್ಚು ಜನ. ವರ್ಷಕ್ಕಿಷ್ಟು ಅಂತ ಚಂದಾ ಕಟ್ತಾರೆ, ಅಧ್ಯಕ್ಷರನ್ನ ಆರಿಸೋಕೆ ಓಟು ಹಾಕ್ತಾರೆ. ಷೇರೂ ಇಲ್ಲ, ಡಿವಿಡೆಂಡೂ ಇಲ್ಲ. ಕ್ಯೂಬಾದಲ್ಲಂತೂ ಸೋಸಿಯೊ ಅಂದ್ರೆ ನಮ್ಮ ‘ಮಗಾ’ ಥರ, ದೋಸ್ತ್.

ಕೆಲಸದ ಜೊತೆಗಾರರಿಗೆ ‘ಕೊಂಪನ್ಯೇರೊ’, ಹೆಣ್ಣಾದರೆ ‘ಕೊಂಪನ್ಯೇರಾ’. ಲ್ಯಾಟಿನ್ ಮೂಲದಲ್ಲಿ ಇದರ ಅರ್ಥ ಒಟ್ಟಿಗೆ ರೊಟ್ಟಿ ತಿನ್ನೋರು. ಕ್ಲಾಸ್‌ಮೇಟ್, ಸಹೋದ್ಯೋಗಿ, ಲ್ಯಾಬ್ ಪಾರ್ಟ್‌ನರ್, ಪೊಲೀಸ್ ಜೀಪಲ್ಲಿ ಪಕ್ಕದಲ್ಲಿ ಕೂರೋ ಇನ್ನೊಬ್ಬ ಪೊಲೀಸ್, ಎಲ್ಲರೂ ಇದರಲ್ಲೇ. ರೂಮ್‌ಮೇಟ್‌ಗೆ ಸ್ಪೇನ್‌ನಲ್ಲಿ ‘ಕೊಂಪನ್ಯೇರೊ ದೆ ಪೀಸೊ’. ಎಡಪಕ್ಷಗಳಲ್ಲಿ ಇದೇ ಪದ ಕಾಮ್ರೇಡ್ ಆಗುತ್ತೆ.

ಈಗ ಪ್ರೀತಿ ವಿಷಯ. ಬಾಯ್‌ಫ್ರೆಂಡ್ ‘ನೋಬಿಯೊ’, ಗರ್ಲ್‌ಫ್ರೆಂಡ್ ‘ನೋಬಿಯಾ’. ಮದುವೆ ದಿನ ಮದುಮಗ, ಮದುಮಗಳಿಗೂ ಇವೇ ಪದ. ಚಿಲಿಯಲ್ಲಿ ಮಾತ್ರ ಬಾಯ್‌ಫ್ರೆಂಡ್ ‘ಪೊಲೋಲೊ’. ಅಲ್ಲಿ ನೋಬಿಯೊ ಅಂದ್ರೆ ಮದುವೆ ನಿಶ್ಚಯ ಆಗಿದೆ ಅಂತ. ಮದುವೆ ಆದಮೇಲೆ ಗಂಡ ‘ಮರೀದೊ’ ಅಥವಾ ‘ಎಸ್ಪೋಸೊ’, ಹೆಂಡತಿ ‘ಮುಹೇರ್’ ಅಥವಾ ‘ಎಸ್ಪೋಸಾ’. (ಎಸ್ಪೋಸಾಸ್ ಅಂದ್ರೆ ಕೈಕೋಳ ಅಂತಾನೂ ಅರ್ಥ ಇದೆ. ನಾನೇನೂ ಹೇಳಲ್ಲಪ್ಪ.) ಅರ್ಜಿ ಫಾರ್ಮ್‌ಗಳಲ್ಲಿ ‘ಕೋನ್ಯುಹೆ’ ಅಂತ ಇರುತ್ತೆ, ಗಂಡನಿಗೂ ಹೆಂಡತಿಗೂ ಒಂದೇ ಪದ. 2005ರಲ್ಲಿ ಸ್ಪೇನ್ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಟ್ಟಾಗ ಸಿವಿಲ್ ಕೋಡ್‌ನಲ್ಲಿ ‘ಗಂಡ ಮತ್ತು ಹೆಂಡತಿ’ ಅಂತ ಇದ್ದಲ್ಲಿ ಇದೇ ಪದ ಬಂತು.

ಉಳಿದದ್ದು ‘ಪರೇಹಾ’. ಮೂಲ ಅರ್ಥ ಜೋಡಿ. ಡಾನ್ಸ್ ಪಾರ್ಟ್‌ನರ್ ‘ಪರೇಹಾ ದೆ ಬೈಲೆ’. ಗಸ್ತು ತಿರುಗೋ ಇಬ್ಬರು ಸಿವಿಲ್ ಗಾರ್ಡ್‌ಗಳಿಗೂ ಸ್ಪೇನ್‌ನಲ್ಲಿ ಪರೇಹಾ ಅಂತಾರೆ. ಆದರೆ ಬರೀ ‘ಮಿ ಪರೇಹಾ’ ಅಂದ್ರೆ ನನ್ನ ಸಂಗಾತಿ. ವ್ಯಾಕರಣದಲ್ಲಿ ಇದು ಸ್ತ್ರೀಲಿಂಗ, ಗಂಡಸಿನ ಬಗ್ಗೆ ಹೇಳಿದರೂ ‘ಲಾ ಪರೇಹಾ’ನೇ. ಮದುವೆ ಆಗಿದೆಯಾ ಇಲ್ವಾ, ಸಂಗಾತಿ ಗಂಡಾ ಹೆಣ್ಣಾ, ಏನೂ ಗೊತ್ತಾಗಲ್ಲ. ನಮ್ಮಲ್ಲಿ ‘ನಮ್ಮನೆಯವರು’ ಅಂದ್ರೆ ಗಂಡನೋ ಹೆಂಡತಿಯೋ ಗೊತ್ತಾಗಲ್ಲ, ಮದುವೆ ಆಗಿರೋದಂತೂ ಗೊತ್ತಾಗುತ್ತೆ. ಪರೇಹಾ ಅದನ್ನೂ ಬಿಟ್ಟುಕೊಡಲ್ಲ. ಹೊಸ ಆಫೀಸಲ್ಲಿ ತನ್ನ ಸಂಗಾತಿ ಯಾರು ಅಂತ ಹೇಳೋಕೆ ಹಿಂಜರಿಯೋ ಹುಡುಗನಿಗೆ ಇದು ದೊಡ್ಡ ಆಸರೆ. ಸುಳ್ಳೂ ಹೇಳಬೇಕಾಗಿಲ್ಲ, ವಿವರಾನೂ ಕೊಡಬೇಕಾಗಿಲ್ಲ.

ಅದಕ್ಕೇ, ಹೊಸದಾಗಿ ಪರಿಚಯ ಆದವರನ್ನ ‘ತಿಯೇನೆಸ್ ನೋಬಿಯಾ?’ ಅಂದ್ರೆ ‘ಗರ್ಲ್‌ಫ್ರೆಂಡ್ ಇದ್ದಾಳಾ?’ ಅಂತ ಕೇಳೋಕೆ ಹೋಗಬೇಡಿ. ‘ತಿಯೇನೆಸ್ ಪರೇಹಾ?’ ಅಂತ ಕೇಳಿ. ಅವರು ತಿರುಗಿ ಯಾವ ಪದ ಬಳಸ್ತಾರೋ, ಆಮೇಲೆ ನೀವೂ ಅದನ್ನೇ ಬಳಸಿ.