ಸ್ಕ್ಯಾನ್ ಮಾಡಿಸಿದ್ರೆ ಸಾಲದು, ಚಿತ್ರಾನೂ ಕೇಳಿ ಪಡೀರಿ

ಊರಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿರ್ತೀರಿ. ಬೆಂಗಳೂರಿನ ಡಾಕ್ಟರ್ ‘ಇನ್ನೊಮ್ಮೆ ಮಾಡಿಸಿ’ ಅಂತಾರೆ. ಮತ್ತೆ ದುಡ್ಡು, ಮತ್ತೆ ವಿಕಿರಣ. ಕೆಲವು ಸಲ ಹೊಸ ಸ್ಕ್ಯಾನ್ ನಿಜಕ್ಕೂ ಬೇಕು, ಒಪ್ಪೋಣ. ಆದರೆ ಹಳೇ ಚಿತ್ರ ಸರಿಯಾಗಿ ನೋಡೋಕಾಗ್ತಿಲ್ಲ ಅನ್ನೋದೇ ಕಾರಣವಾದರೆ?

ಈ ಪಾಡು ತಪ್ಪಿಸುವ ದಾರಿ ಇದೆ, ಸ್ವಾಮಿ. ಹಿಂದೆ ಒಂದೊಂದು ಕಂಪನಿಯ ಯಂತ್ರದ್ದೂ ಒಂದೊಂದು ಭಾಷೆ. ಒಂದರ ಚಿತ್ರ ಇನ್ನೊಂದು ತೆರೆಯುತ್ತಿರಲಿಲ್ಲ. 1983ರಲ್ಲಿ ಅಮೆರಿಕದ ರೇಡಿಯಾಲಜಿ ವೈದ್ಯರ ಸಂಘ, ಯಂತ್ರ ತಯಾರಕರ ಸಂಘ ಎರಡೂ ಒಟ್ಟಿಗೆ ಕೂತವು. 1985ರಲ್ಲಿ ಮೊದಲ ನಿಯಮಾವಳಿ ಬಂತು. 1993ರಲ್ಲಿ ಅದು ಹೊಸ ರೂಪ ಪಡೆದು ‘ಡೈಕಾಮ್’ ಆಯ್ತು.

ಕೆಲಸ ಹೇಗೆ? ಮೊದಲು ಎರಡು ಯಂತ್ರಗಳ ನಡುವೆ ಪರಿಚಯ: ‘ನಾನು ಇಂಥವನು, ಇಂಥ ಚಿತ್ರ ಕಳಿಸ್ತೀನಿ, ತಗೋತೀಯಾ?’ ಒಪ್ಪಿದ ಮೇಲೇ ರವಾನೆ. ಚಿತ್ರದ ಜೊತೆಗೇ ರೋಗಿಯ ಹೆಸರು, ತಾರೀಖು, ಅಳತೆಯ ಲೆಕ್ಕ ಸೇರಿರುತ್ತೆ. ಗಡ್ಡೆ ಎಷ್ಟು ಮಿಲಿಮೀಟರ್ ಅಂತ ಡಾಕ್ಟರ್ ಪರದೆ ಮೇಲೇ ಅಳೀಬಹುದು. ಒಂದೇ ಸ್ಕ್ಯಾನಲ್ಲಿ ಒಮ್ಮೆ ಮೂಳೆ, ಒಮ್ಮೆ ಶ್ವಾಸಕೋಶ ಎದ್ದು ಕಾಣುವಂತೆ ಮಾಡ್ಕೋಬಹುದು. ಫಿಲ್ಮಿನ ಫೋಟೋ ಹೊಡೆದು ವಾಟ್ಸಾಪ್ ಮಾಡಿದರೆ ಇದ್ಯಾವುದೂ ಇರಲ್ಲ.

ಅದಕ್ಕೇ ಸೆಂಟರ್ ಬಿಡುವ ಮುಂಚೆ ಕೇಳಿ: ‘ಡೈಕಾಮ್ ಚಿತ್ರಗಳ ಸಿ.ಡಿ. ಅಥವಾ ಲಿಂಕ್ ಕೊಡಿ.’ ಸಿಕ್ಕಿದ್ದನ್ನ ಜೋಪಾನವಾಗಿಡಿ. ಅದರೊಳಗೆ ನಿಮ್ಮ ಹೆಸರೂ ಇದೆ, ಕಂಡಕಂಡವರಿಗೆ ಕಳಿಸಬೇಡಿ.