ಕಾಲಡಿಯ ಕಡಲು

ಬೇಸಿಗೆಯ ಮಧ್ಯಾಹ್ನ ರಾಯಚೂರು, ದೇವದುರ್ಗ, ಮಾನ್ವಿಗಳ ಹಳೆಯ ಮನೆಗಳಲ್ಲಿ ಚಾಪೆಯ ಹಂಗಿಲ್ಲದೆ ಬರಿಯ ಕಲ್ಲುಹಾಸಿನ ಮೇಲೆ ಮೈಚಾಚುವ ಸುಖವನ್ನು ಬಲ್ಲವರೇ ಬಲ್ಲರು. ಬೂದುಬಣ್ಣದ ಆ ತಣ್ಣನೆಯ ಹಾಸುಗಲ್ಲು ಈ ಊರುಗಳದಲ್ಲ. ಇಲ್ಲಿನ ನೆಲ ಹೆಚ್ಚಾಗಿ ಗ್ರಾನೈಟು ಮತ್ತು ನೈಸ್ ಶಿಲೆಗಳದು. ಹಾಸುಗಲ್ಲು ಬಂದದ್ದು ಕೃಷ್ಣೆಯ ಆಚೆಯಿಂದ, ಭೀಮೆಯ ಸೀಮೆಯಿಂದ. ೧೮೭೧ರಲ್ಲಿ ಮುಂಬಯಿಯ ಹಳಿಯೂ ಮದರಾಸಿನ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಶಹಾಬಾದು ಅದೇ ಹಾದಿಯ ನಿಲ್ದಾಣವಾದ್ದರಿಂದ ಆ ಊರಿನ ಹೆಸರನ್ನೇ ಹೊತ್ತ ಕಲ್ಲಿನ ಪ್ರಯಾಣ ಸುಲಭವಾಯಿತು.

ಈ ಕಲ್ಲು ಒಂದು ಕಾಲದ ಕಡಲತಳ. ಆಳವಿಲ್ಲದ ಸಮುದ್ರದಲ್ಲಿ ಸುಣ್ಣದ ಕೆಸರು ಪದರದ ಮೇಲೆ ಪದರವಾಗಿ ನೆಲೆಸಿ ಗಟ್ಟಿಯಾಯಿತು. ಆಮೇಲೆ ಭೂಮಿಯ ಒತ್ತಡಕ್ಕೆ ಹೆಚ್ಚು ಮಡಿಸಿಕೊಳ್ಳದೆ, ಬಹುಮಟ್ಟಿಗೆ ಚಪ್ಪಟೆಯಾಗಿಯೇ ಉಳಿಯಿತು. ಕಲ್ಲುಕುಟಿಗನ ಉಳಿಗೆ ಹಲಗೆಹಲಗೆಯಾಗಿ ಏಳುವುದು ಇದರಿಂದಲೇ. ಈ ಶಿಲಾಸಮೂಹ ಸುಮಾರು ೫,೨೦೦ ಚದರ ಕಿಲೋಮೀಟರುಗಳಷ್ಟು ಹಬ್ಬಿ, ಉತ್ತರದಲ್ಲಿ ದಖನ್ನಿನ ಲಾವಾಶಿಲೆಯಡಿ ಮರೆಯಾಗುತ್ತದೆ. ಇದನ್ನು ಸುತ್ತಿ ನೋಡಿ ೧೮೭೬ರಲ್ಲಿ ವಿವರಿಸಿದವನು ರಾಬರ್ಟ್ ಬ್ರೂಸ್ ಫೂಟ್. ಪಲ್ಲಾವರದಲ್ಲಿ ಆದಿಮಾನವನ ಕೈಗೊಡಲಿಯನ್ನು ಕಂಡ ಮಹಾಶಯನೇ ಈತ.

ಕಡಲೆಂದ ಮೇಲೆ ಶಂಖ, ಚಿಪ್ಪುಗಳೆಲ್ಲಿ? ತಮಿಳುನಾಡಿನ ಅರಿಯಲೂರಿನ ಸುಣ್ಣಕಲ್ಲಿನಲ್ಲಿ ಸುರುಳಿ ಸುತ್ತಿದ ಚಿಪ್ಪುಗಳು ಯಥೇಚ್ಛವಾಗಿ ದೊರೆಯುತ್ತವೆ. ಶಹಾಬಾದು ಕಲ್ಲಿನಲ್ಲಿ ಅಂಥ ಒಂದೂ ಇಲ್ಲ. ಇಲ್ಲದಿರುವುದೇ ಇಲ್ಲಿಯ ಸಾಕ್ಷ್ಯ. ಅರಿಯಲೂರಿನ ಕಡಲಿಗೆ ಹೆಚ್ಚೆಂದರೆ ಹತ್ತು ಹನ್ನೊಂದು ಕೋಟಿ ವರ್ಷ. ನಮ್ಮ ಕಡಲಾದರೋ, ಬಹುಮಂದಿ ಭೂವಿಜ್ಞಾನಿಗಳ ಮತದಂತೆ, ಐವತ್ತನಾಲ್ಕು ಕೋಟಿ ವರ್ಷಗಳಿಗೂ ಹಿಂದಿನದು. ಚಿಪ್ಪು ತೊಟ್ಟ ಪ್ರಾಣಿಗಳು ಆಗಿನ್ನೂ ಕಡಲನ್ನು ತುಂಬಿರಲಿಲ್ಲ.

ಹಾಗೆಂದು ಅದು ಬಂಜೆಗಡಲಲ್ಲ. ಸುಣ್ಣಕಲ್ಲಿನ ಪದರಗಳ ನಡುವೆ ಹಲ್ಕಲ್ ಹೆಸರಿನ ಜೇಡಿಗಲ್ಲೊಂದಿದೆ. ಅದನ್ನು ಸೀಳಿದಾಗ ಸಾಸಿವೆ ಮೆಣಸುಗಳ ಗಾತ್ರದ ಕಪ್ಪು ಬಿಲ್ಲೆಗಳು, ಮೋಟು ಪಟ್ಟಿಯಂಥ ಗುರುತುಗಳು ಕಂಡುಬಂದಿವೆ. ಬಿಲ್ಲೆಗೆ ‘ಚುವಾರಿಯಾ’ ಎಂದು ಹೆಸರು. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ನಿನಲ್ಲಿ ದೊರೆತ ಇಂಥದನ್ನೇ ೧೮೯೯ರಲ್ಲಿ ವರ್ಣಿಸಿದ ವಾಲ್‌ಕಾಟ್ ಪಂಡಿತನು ಅದನ್ನು ಚಿಪ್ಪೆಂದೇ ಬಗೆದಿದ್ದನು! ಚಿಪ್ಪಲ್ಲವೆಂದು ಅನಂತರದವರು ತೀರ್ಮಾನಿಸಿದರು. ಪಾಚಿಯ ಜಾತಿಯದೆಂಬುದು ಹಲವರ ಅಭಿಪ್ರಾಯ. ಶಾಸನದ ಸವೆದ ಅಕ್ಷರವೊಂದಕ್ಕಾಗಿ ವರ್ಷಗಟ್ಟಲೆ ಜಗಳವಾಡುವ ನಮ್ಮಂಥವರಿಗೆ ಈ ವಾದ ಅಪರಿಚಿತವೆನಿಸದು.

ಸುಣ್ಣಕಲ್ಲಿನ ಬಿರುಕಿನಲ್ಲಿ ಕೆಲವೊಮ್ಮೆ ಕಾಣುವ ಕಪ್ಪು ಜರೀಗಿಡದಂಥ ಚಿತ್ತಾರವನ್ನು ಮಾತ್ರ ಎಲೆಯೆಂದು ನಂಬಬಾರದು. ಮ್ಯಾಂಗನೀಸು, ಕಬ್ಬಿಣಗಳುಳ್ಳ ನೀರು ಬಿರುಕಿನಲ್ಲಿ ಹರಿದು ಬರೆದ ಬರಿಯ ಖನಿಜಚಿತ್ರ ಅದು. ಅದು ನೋಟಕ್ಕೆ ಸೊಗಸು. ನಿಜವಾದ ಜೀವದ ಗುರುತು ಚುಕ್ಕೆಯಷ್ಟೇ. ಆದ್ದರಿಂದಲೇ ಅದು ಯಾರ ಕಣ್ಣಿಗೂ ಬೀಳದೆ ಪುಡಿಯಾಗುವ ಭಯ ಹೆಚ್ಚು.

ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಮಳಖೇಡ, ಸೇಡಂ, ವಾಡಿಗಳಲ್ಲಿ ಈ ಕಲ್ಲು ಇಂದು ಸಿಮೆಂಟಾಗುತ್ತಿದೆ. ಅಪ್ಪಟ ಸುಣ್ಣಕಲ್ಲು ನೂರು ಕಿಲೋ ಬೆಂದರೆ ನಲವತ್ತನಾಲ್ಕು ಕಿಲೋ ಇಂಗಾಲದ ಡೈಆಕ್ಸೈಡಾಗಿ ಆಕಾಶಕ್ಕೇರುತ್ತದೆ. ಆ ಪ್ರಾಚೀನ ಕಡಲು ಹಿಡಿದಿಟ್ಟಿದ್ದ ಅನಿಲ ನಮ್ಮ ಉಸಿರಿನ ಗಾಳಿಗೆ ಮರಳುತ್ತದೆ. ಸಿಮೆಂಟು ಬೇಡವೆನ್ನುವ ಧೈರ್ಯ ಸಿಮೆಂಟಿನ ಸೂರಿನಡಿ ಕುಳಿತು ಬರೆಯುವವನಿಗೆ ಇರಲಾರದು. ಗಣಿ ತೋಡದಿದ್ದರೆ ಎಷ್ಟೋ ಪದರಗಳು ನಮ್ಮ ಕಣ್ಣಿಗೆ ಬೀಳುತ್ತಲೂ ಇರಲಿಲ್ಲ. ಆದರೂ ಕೆಲಸ ಮುಗಿದ ಗಣಿಯ ಒಂದು ಗೋಡೆಯನ್ನು, ಜೇಡಿಗಲ್ಲಿನ ಪದರವೂ ಸೇರಿದಂತೆ, ಮುಚ್ಚದೆ ಒಡೆಯದೆ ವಿದ್ಯಾರ್ಥಿಗಳಿಗಾಗಿ ಬಿಟ್ಟುಕೊಡುವುದು ದೊಡ್ಡ ತ್ಯಾಗವೇನೂ ಅಲ್ಲ.

ಈಗ ರಾಯಚೂರಿನಲ್ಲಿಯೂ ಹಳೆಯ ಹಾಸನ್ನು ಕಿತ್ತು ಹೊಳೆಯುವ ಟೈಲುಗಳನ್ನು ಕೂಡಿಸುವವರಿದ್ದಾರೆ. ಕಿತ್ತ ಕಲ್ಲನ್ನು ಹಿತ್ತಿಲಿಗೆ ಎಸೆಯುವ ಮೊದಲು ಅದರ ಮುರಿದ ಅಂಚನ್ನು ಒದ್ದೆ ಬಟ್ಟೆಯಿಂದೊರೆಸಿ ಮಕ್ಕಳಿಗೆ ತೋರಿಸಬಹುದು. ಎಷ್ಟೋ ಕಲ್ಲುಗಳಲ್ಲಿ ಕೂದಲೆಳೆಯಂಥ ಗೆರೆಗಳು ಒಂದರ ಮೇಲೊಂದು ಕಾಣುತ್ತವೆ. ಅವು ಆ ಕಡಲಿನ ಕೆಸರು.